ಒಂದು ಸುಳ್ಳಿನ ಟ್ಯಾಂಕು

ಸಂಜೀವಣ್ಣ ಯಾರ ಮನೆಗೆ ಹೋದರೂ ಕೂರುವ ಮೊದಲು ಹಿಂಬಾಗಿಲು ಎಲ್ಲಿದೆ ಎಂದು ನೋಡುತ್ತಿದ್ದರು. "ಬನ್ನಿ, ಕೂತ್ಕೊಳ್ಳಿ" ಎಂದರೆ "ಕೂತೆ, ಕೂತೆ" ಎನ್ನುತ್ತಲೇ ಅಡುಗೆಮನೆಯವರೆಗೆ ನಡೆದು, ಚಿಲಕ ತೆಗೆದು, ಹಿತ್ತಿಲನ್ನೊಮ್ಮೆ ನೋಡಿ, ಚಿಲಕ ಹಾಕದೆಯೇ ಬಂದು ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಕಾರ್ಕಳದ ನಮ್ಮ ಮನೆಗೆ ಮೊದಲ ಸಲ ಬಂದಾಗ ಅಮ್ಮ ನನ್ನನ್ನು ಪಕ್ಕಕ್ಕೆ ಎಳೆದು, "ಇವರಿಗೆ ಎಂತ, ಹೊಟ್ಟೆ ಸರಿ ಇಲ್ವಾ?" ಎಂದು ಕೇಳಿದ್ದಳು. ಮದುವೆ ಹಾಲಿನಲ್ಲಿ ಅವರ ಜಾಗ ಯಾವಾಗಲೂ ಬಡಿಸುವವರು ಓಡಾಡುವ ಬಾಗಿಲಿನ ಪಕ್ಕ. ಬಸ್ಸಿನಲ್ಲಿ ಹಿಂದಿನ ಬಾಗಿಲಿಗೆ ತಾಗಿದ ಸೀಟು. ಅದು ಸಿಗದಿದ್ದರೆ ನಿಂತೇ ಪ್ರಯಾಣ. "ಮುಂದೆ ಸೀಟು ಖಾಲಿ ಉಂಟಲ್ಲ ಅಜ್ಜ" ಎಂದು ಕಂಡಕ್ಟರ್ ಹೇಳಿದರೆ, "ನನಗೆ ಇಲ್ಲೇ ಗಾಳಿ ಮಾರಾಯ" ಎನ್ನುತ್ತಿದ್ದರು. ಅವರ ಹೆಂಡತಿ ಗಿರಿಜಕ್ಕ ನಗುತ್ತಾ ಹೇಳುವುದಿತ್ತು: "ಇವರನ್ನು ಕಟ್ಟಿಕೊಂಡು ನಲವತ್ತೆಂಟು ವರ್ಷ. ಕಳ್ಳರು ನೋಡುವ ಜಾಗ ಎಲ್ಲ ನೋಡ್ತಾರೆ. ಒಂದು ಚಮಚ ಕದ್ದು ತಂದದ್ದಿಲ್ಲ."

ಗಿರಿಜಕ್ಕ ಮೊಣಕಾಲು ಗಟ್ಟಿ ಇರುವಷ್ಟು ಕಾಲ ಕಾಪು ಪೇಟೆಯಲ್ಲಿ ಮೀನು ಮಾರಿದವರು. ಸಂಜೀವಣ್ಣನದೂ ಎರ್ಮಾಳಿನ ಮೀನುಗಾರರ ಮನೆಯೇ. ಆದರೆ ಅವರು ದೋಣಿ ಹತ್ತಲಿಲ್ಲ, ಮಿಲಿಟರಿಗೆ ಸೇರಿ ಟ್ಯಾಂಕು ಹತ್ತಿದರು. ಎಪ್ಪತ್ತೊಂದರ ಯುದ್ಧದಲ್ಲಿ ಅವರು ಟ್ಯಾಂಕಿನ ಗನ್ನರ್, ಅಂದರೆ ನಳಿಕೆ ತಿರುಗಿಸಿ ಗುಂಡು ಹಾರಿಸುವವರು. ಊರಿಗೆ ಬಂದ ಮೇಲೆ ನಿಟ್ಟೆ ಕಡೆಯ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಅರ ಹಿಡಿಯಲು, ಉಕ್ಕು ಕೊರೆಯಲು ಕಲಿಸುವ ಕೆಲಸ. ನಾನು ಅವರನ್ನು ಕಂಡದ್ದು ಆ ಕೆಲಸದಿಂದಲೂ ನಿವೃತ್ತರಾದ ಮೇಲೆ, ಅವರ ಹಲ್ಲು ಮುರಿದಾಗ.

ನಾನು ಮಣಿಪಾಲದಲ್ಲಿ, ಟೈಗರ್ ಸರ್ಕಲಿನ ಹಿಂದಿನ ಒಂದು ಲ್ಯಾಬಿನಲ್ಲಿ ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅದಕ್ಕೆ ಹೊಂದುವ ಹಲ್ಲಿನ ಸೆಟ್ಟನ್ನು ನಾವು ಮಾಡಿ ಕಳಿಸುತ್ತೇವೆ. ಇಪ್ಪತ್ತಾರು ವರ್ಷದಿಂದ ಬೆಳಗ್ಗೆ ಕಾರ್ಕಳದಿಂದ ಬಸ್ಸು, ಸಂಜೆ ಕಾರ್ಕಳಕ್ಕೆ ಬಸ್ಸು, ನಡುವೆ ಯಾರ್ಯಾರದೋ ಹಲ್ಲು. ಸೊಂಟ ಹೋಗಿದೆ, ಕಣ್ಣು ಹೋಗುತ್ತಾ ಇದೆ. ನಮ್ಮ ಕೆಲಸದಲ್ಲಿ ಹೊಗಳಿಕೆ ಎಂಬುದು ಒಂದೇ: ನಾವು ಮಾಡಿದ್ದು ಸುಳ್ಳು ಹಲ್ಲೆಂದು ಯಾರಿಗೂ ಗೊತ್ತಾಗಬಾರದು. ಗೊತ್ತಾಗದಿದ್ದರೆ ಹೊಗಳುವವರೂ ಇಲ್ಲ. ಇಂಥ ಕೆಲಸಕ್ಕೆ ಇಪ್ಪತ್ತಾರು ವರ್ಷ ಹಾಕಿದೆನಲ್ಲ ಎಂದು ಒಮ್ಮೊಮ್ಮೆ ನನಗೇ ಬೇಸರ ಬರುತ್ತದೆ.

ಒಂದು ದಿನ ಮಧ್ಯಾಹ್ನ ಕರ್ಚೀಫಿನಲ್ಲಿ ತನ್ನ ಮೇಲಿನ ಸೆಟ್ಟನ್ನು ಸುತ್ತಿಕೊಂಡು ಈ ಮನುಷ್ಯ ನೇರ ಲ್ಯಾಬಿಗೇ ಬಂದರು. ನಟ್ಟನಡುವೆ ಬಿರುಕು. ಎಷ್ಟು ಹೇಳಿದರೂ ಕೂರದೆ ಹಿಂದಿನ ಕೋಣೆಗೆ ಹೋಗಿ, ಅಲ್ಲಿಂದ ಹೊರಗೆ ದಾರಿ ಇದೆಯೇ ಎಂದು ನೋಡಿ ಬಂದರು. ಆಮೇಲೆ ನಾನು ಬಿರುಕಿಗೆ ಸೆಟ್ಟು ಮಾಡುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಪುಡಿ ಉದುರಿಸಿ, ಅದರ ಮೇಲೆ ದ್ರವದ ಹನಿ ಬಿಟ್ಟು, ಗಟ್ಟಿಯಾದದ್ದನ್ನು ತಿಕ್ಕಿ ನುಣುಪು ಮಾಡುವುದನ್ನು ಕಣ್ಣು ಮಿಟುಕಿಸದೆ ನೋಡಿದರು. ಕೈಗೆ ಕೊಟ್ಟರೆ ಬಾಯಿಗೆ ಹಾಕಿಕೊಳ್ಳಲಿಲ್ಲ. ಬೆಳಕಿಗೆ ಹಿಡಿದು ಬಿರುಕು ಎಲ್ಲಿತ್ತು ಎಂದು ಹುಡುಕಿದರು.

"ಸಿಗುವುದಿಲ್ಲ" ಎಂದೆ.

"ಈ ಪುಡಿ ಸ್ವಲ್ಪ ಹಳತು, ಬಿಸಾಡುವಂಥದ್ದು ಉಂಟಾ?"

"ಎಂತಕ್ಕೆ?"

"ಟ್ಯಾಂಕು ಮಾಡ್ಲಿಕ್ಕೆ."

ನೀರಿನ ಟ್ಯಾಂಕು ಎಂದುಕೊಂಡು ನಾನು, "ಅದಕ್ಕೆ ಸಿಮೆಂಟು ಸಾಕು ಮಾರ್ರೆ" ಎಂದೆ. ಹಲ್ಲಿಲ್ಲದ ಬಾಯಿ ತೆರೆದು ಅವರು ನಕ್ಕ ನಗು ಈಗಲೂ ಕಣ್ಣಮುಂದೆ ಇದೆ.

ಅವಧಿ ಮುಗಿದ ಪುಡಿಯ ಎರಡು ಡಬ್ಬಿ ಕೊಟ್ಟೆ. ಮುಂದಿನ ಆದಿತ್ಯವಾರ ನೋಡಲಿಕ್ಕೆಂದು ಎರ್ಮಾಳಿಗೆ ಹೋದೆ. ಗಂಡನಿಲ್ಲ, ಮಕ್ಕಳಿಲ್ಲ, ವಾರಕ್ಕೊಂದು ರಜೆ. ಹೋಗಲಿಕ್ಕೆ ಬೇರೆ ಜಾಗ ತಾನೇ ಎಲ್ಲಿತ್ತು ನನಗೆ? ಜಗಲಿಯಲ್ಲಿ ಒಂದು ಹಲಗೆ, ಅದರ ಮೇಲೆ ಸಾಲಾಗಿ ಯುದ್ಧದ ವಾಹನಗಳು. ಆದರೆ ಯಾವುದೂ ನೆಟ್ಟಗಿಲ್ಲ. ಒಂದು ಜೀಪಿನ ಹಿಂದೆ ಮೀನಿನ ಐಸು ಪೆಟ್ಟಿಗೆ. ಮರುಭೂಮಿಯ ಲಾರಿಯೊಂದಕ್ಕೆ ಹಾಯಿ. "ಇದೆಲ್ಲ ಎಂತ?" ಎಂದು ಕೇಳಿದರೆ, ಕಾಲೇಜಿನ ಹುಡುಗರಿಂದ ಅಂಟಿದ ಹುಚ್ಚು ಎಂದರು. ವಾಟ್‌-ಇಫ್ ಎಂದು ಹೆಸರಂತೆ. ಚರಿತ್ರೆಯಲ್ಲಿ ಇಲ್ಲದ, ಆದರೆ ಇರಬಹುದಾಗಿದ್ದ ವಾಹನವನ್ನು ಅಳತೆಗೆ ಸರಿಯಾಗಿ ಮಾಡುವುದು. ಯುದ್ಧ ಮುಗಿದ ಮರುದಿನವೇ ಜೀಪುಗಳನ್ನೆಲ್ಲ ಮೀನುಗಾರರಿಗೆ ಕೊಟ್ಟಿದ್ದರೆ? ಪೆಟ್ರೋಲು ಮುಗಿದ ಲಾರಿ ಗಾಳಿಗೆ ಓಡುವಂತಿದ್ದರೆ?

"ಅಂದರೆ ಮನಸ್ಸಿಗೆ ಬಂದ ಹಾಗೆ ಮಾಡುವುದು" ಎಂದೆ ನಾನು.

ಅವರಿಗೆ ಸಿಟ್ಟು ಬಂತು. "ಯಾರು ಹೇಳಿದ್ದು? ಒಂದು ವಾಹನಕ್ಕೆ ಒಂದೇ ಸುಳ್ಳು. ಬಾಕಿ ಎಲ್ಲ ಸತ್ಯ ಇರಬೇಕು, ಒಂದೊಂದು ಬೋಲ್ಟು ಸಹ. ಎರಡನೇ ಸುಳ್ಳು ಸೇರಿತಾ, ಅದು ಆಟಿಕೆ. ಮಕ್ಕಳಿಗೆ ಕೊಟ್ಟುಬಿಡು." ಆ ಜೀಪಿನ ಚಕ್ರದ ಮೊಳೆಗಳನ್ನು ನನ್ನಿಂದ ಲೆಕ್ಕ ಮಾಡಿಸಿದರು. ಒಂದು ಜಾಸ್ತಿ ಇದ್ದರೆ ಮುರಿದು ಬಿಸಾಡುವವರೇ. ಗಿರಿಜಕ್ಕ ಒಳಗಿನಿಂದಲೇ, "ಅವಳಿಗೆ ಚಹಾ ಕೊಡುವ ಮೊದಲೇ ಪರೀಕ್ಷೆ ಶುರು ಮಾಡಿದ್ರಾ?" ಎಂದು ಗದರಿದರು.

ಹಲಗೆಯ ತುದಿಯಲ್ಲಿ ನನ್ನ ಗುಲಾಬಿ ಪುಡಿಯಿಂದ ಮಾಡಿದ ಒಂದೂವರೆ ಅಡಿ ಉದ್ದದ ಟ್ಯಾಂಕು ಅರ್ಧ ಎದ್ದು ನಿಂತಿತ್ತು. ಪೂರ್ತಿ ಒಸಡಿನ ಬಣ್ಣ! ದಾರಿಯಲ್ಲಿ ಹೋಗುವವರೆಲ್ಲ ನಿಂತು ನಗುತ್ತಿದ್ದರಂತೆ. "ಬಣ್ಣ ಹೊಡೆದ ಮೇಲೆ ಎಲ್ಲ ಒಂದೇ" ಎಂದು ಅವರು ತಲೆ ಕೆಡಿಸಿಕೊಂಡಿರಲಿಲ್ಲ. ನಳಿಕೆಗೆ ಮುರಿದ ಕೊಡೆಯ ಕೋಲು, ಚಕ್ರಕ್ಕೆ ಕಣ್ಣಿನ ಮದ್ದಿನ ಬಾಟಲಿಯ ಮುಚ್ಚಳ, ಮರೆಗೆ ಹೊದೆಸುವ ಜಾಲರಿಗೆ ಹಳೆಯ ಬಲೆಯ ತುಂಡು.

ಇದು ಅವರಿದ್ದ ಟ್ಯಾಂಕೇ. ಅದನ್ನು ಯಾರಿಗಾಗಿ ಮಾಡುತ್ತಿದ್ದೇನೆ ಎಂಬುದನ್ನೂ ಅವತ್ತೇ, ಗಿರಿಜಕ್ಕ ಪಕ್ಕದ ಮನೆಗೆ ಹೋದ ಹೊತ್ತಿನಲ್ಲಿ, ಹೇಳಿದರು. ಅವರ ಟ್ಯಾಂಕಿನ ಡ್ರೈವರ್ ಅರುಮುಗಂ ಎಂಬವರು. ಕೋಲಾರದ ಚಿನ್ನದ ಗಣಿಯ ತಮಿಳರು. ತಂದೆ ಗಣಿಗೆ ಇಳಿಯುತ್ತಿದ್ದವರು. ನೆಲದಡಿಯ ಕತ್ತಲೆ ಬೇಡವೆಂದೇ ಮಗ ಮಿಲಿಟರಿಗೆ ಓಡಿಬಂದದ್ದಂತೆ. ಇಡೀ ಟ್ಯಾಂಕಿನಲ್ಲಿ ಕನ್ನಡ ಬರುತ್ತಿದ್ದವರು ಇವರಿಬ್ಬರೇ. ಎರ್ಮಾಳಿನಿಂದ ಒಣಮೀನಿನ ಪಾರ್ಸೆಲ್ ಬಂದರೆ ಅರ್ಧ ಅರುಮುಗಮ್ಮಿನದ್ದು. ಯುದ್ಧದಲ್ಲಿ ಟ್ಯಾಂಕಿಗೆ ಪೆಟ್ಟು ಬಿದ್ದು ಬೆಂಕಿ ಹತ್ತಿದಾಗ ಉಳಿದವರೆಲ್ಲ ಮೇಲಿನಿಂದ ಹಾರಿದರು. ಮುಂದೆ, ಕೆಳಗೆ, ಒಂಟಿಯಾಗಿ ಕೂತಿದ್ದ ಡ್ರೈವರಿಗೆ ಹೊರಗೆ ಬರಲಾಗಲಿಲ್ಲ. ಆಗ ಅವರ ಹೆಂಡತಿಗೆ ಏಳು ತಿಂಗಳು. ಹುಟ್ಟಿದ ಮಗಳು ಸೆಲ್ವಿ. ಆಕೆಗೀಗ ಮೊಮ್ಮಗ ಇದ್ದಾನೆ. ಹಳೆಯ ಸೈನಿಕರ ವಾಟ್ಸಾಪ್ ಗುಂಪಿನಿಂದ ಸಂಜೀವಣ್ಣನ ನಂಬರು ಹುಡುಕಿ ತೆಗೆದು ಆಕೆ ಕೇಳಿದ್ದು ಒಂದೇ: ಅಪ್ಪ ಕೂತಿದ್ದ ಜಾಗ ಹೇಗಿತ್ತು ಅಂಕಲ್? ಯಾಕೆ ಹೊರಗೆ ಬರಲಿಕ್ಕಾಗಲಿಲ್ಲ?

"ಬಾಯಲ್ಲಿ ಹೇಳ್ಲಿಕ್ಕೆ ಬರುವುದಿಲ್ಲ ನನಗೆ" ಎಂದರು ಸಂಜೀವಣ್ಣ. "ಮಾಡಿ ಕಳಿಸ್ತೇನೆ. ಒಂದೇ ಸುಳ್ಳು ಹಾಕ್ತೇನೆ. ಡ್ರೈವರಿನ ಪಕ್ಕದಲ್ಲಿ ಒಂದು ಸಣ್ಣ ಬಾಗಿಲು. ಇಂಥದ್ದೊಂದು ಬಾಗಿಲು ಇದ್ದಿದ್ದರೆ ನಿನ್ನ ಅಪ್ಪ ಬರ್ತಿದ್ದರಮ್ಮ ಅಂತ. ನೋಡಿದರೆ ಅವಳಿಗೆ ಅರ್ಥ ಆದೀತಲ್ಲ?"

ನನ್ನ ಕಣ್ಣು ತುಂಬಿತು. ಆ ಬಾಗಿಲನ್ನು ನಾನೇ ಮಾಡಿಕೊಡುತ್ತೇನೆ ಎಂದು ಅಲ್ಲೇ ಮಾತು ಕೊಟ್ಟೆ.

ಏಳು ಆದಿತ್ಯವಾರ ಹೋಯಿತು. ನನ್ನ ಕೈಕೆಲಸದ ಜಂಭವನ್ನೆಲ್ಲ ಆ ಬಾಗಿಲಿಗೆ ಸುರಿದೆ. ಎರಡು ಬೆರಳಿನಷ್ಟು ಅಗಲ. ಮುಚ್ಚಿದರೆ ಗೆರೆ ಕಾಣಬಾರದು, ತೆರೆದರೆ ಸದ್ದು ಬರಬಾರದು. ಸುತ್ತಲಿನ ಬೋಲ್ಟುಗಳನ್ನು ಹಲ್ಲು ಜೋಡಿಸುವಂತೆ ಒಂದೊಂದಾಗಿ ಕೂರಿಸಿದೆ. ಅಲ್ಲಲ್ಲಿ ಬಣ್ಣ ಸವೆಸಿ, ಚಾಲಕರ ಬೂಟು ತಾಗಿ ತಾಗಿ ಮಾಸಿದಂತೆ ಮಾಡಿದೆ. ಸಂಜೀವಣ್ಣ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಮೊದಮೊದಲು "ಭಾರೀ ಲಾಯ್ಕ ಆಯ್ತು" ಎನ್ನುತ್ತಿದ್ದವರು ಬರಬರುತ್ತಾ ಮಾತು ಕಡಿಮೆ ಮಾಡಿದರು. ವಯಸ್ಸಾಯಿತು, ಬಳಲಿದ್ದಾರೆ ಎಂದುಕೊಂಡೆ. ನಾನೂ ಬಳಲಿದ್ದೆ.

ಬಣ್ಣ ಹೊಡೆದು ಮುಗಿದ ಟ್ಯಾಂಕನ್ನು ನೋಡಿದಾಗ ನನಗೆ ಆಸೆ ಹುಟ್ಟಿತು. ನನ್ನ ಕೆಲಸವನ್ನು ನಾಲ್ಕು ಜನ ಒಮ್ಮೆಯಾದರೂ ನೋಡಲಿ ಎಂಬ ಆಸೆ. ಬನ್ನಂಜೆಯ ಒಂದು ಸಭಾಭವನದಲ್ಲಿ ಹವ್ಯಾಸಿಗಳ ಪ್ರದರ್ಶನ ಇತ್ತು. "ಸೆಲ್ವಿಗೆ ಕಳಿಸುವ ಮೊದಲು ಒಂದು ದಿನ ಇಡುವ" ಎಂದೆ. "ಬೇಡ ಮಗಾ" ಎಂದರು. ನಾನು ಕೇಳಲಿಲ್ಲ.

ಪ್ರದರ್ಶನದಲ್ಲಿ ಜನ ಮುತ್ತಿದ್ದು ನಮ್ಮ ಟ್ಯಾಂಕಿಗೇ. ಕಾಗದದ ಮೇಲೆ ನಾನು ಚಂದದ ಅಕ್ಷರದಲ್ಲಿ ಬರೆದಿದ್ದೆ: ಈ ಬಾಗಿಲು ಇದ್ದಿದ್ದರೆ ಡ್ರೈವರ್ ಬದುಕುತ್ತಿದ್ದ. ಸಭೆಯಲ್ಲಿ ಹಿರಿಯರೊಬ್ಬರಿದ್ದರು, ಅವರೂ ಟ್ಯಾಂಕಿನಲ್ಲಿದ್ದ ನಿವೃತ್ತ ಸೈನಿಕರೇ. ಕನ್ನಡಕ ಏರಿಸಿ ಬಗ್ಗಿ ಆ ಬಾಗಿಲನ್ನು ತೆರೆದು, ಮುಚ್ಚಿ, ಮತ್ತೆ ತೆರೆದು, "ಇದರಲ್ಲಿ ಸುಳ್ಳು ಎಂತ ಉಂಟು? ಈ ಜಾತಿಯ ಟ್ಯಾಂಕಿಗೆ ಈ ಬಾಗಿಲು ಇತ್ತಲ್ಲ. ನಾನೇ ನೋಡಿದ್ದೇನೆ" ಎಂದರು.

ನಾನು ಹಿಗ್ಗಿ ಹೀರೇಕಾಯಿಯಾದೆ. ಮಾಡಿದ್ದು ಸುಳ್ಳೆಂದು ಗೊತ್ತಾಗಲಿಲ್ಲವಲ್ಲ! ತೀರ್ಪುಗಾರರು ಮೊದಲ ಬಹುಮಾನ ಎಂದು ಕೂಗಿದರು. ತಿರುಗಿ ನೋಡಿದರೆ ಸಂಜೀವಣ್ಣನ ಕುರ್ಚಿ ಖಾಲಿ. ಹಿಂಬಾಗಿಲಿನಿಂದ ಹೊರಗೆ ಹೋಗಿ, ಪಾತ್ರೆ ತೊಳೆಯುವ ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ನಾನೇ ಹೋಗಿ ಬಹುಮಾನ ಇಸಿದುಕೊಂಡು, ಟ್ಯಾಂಕನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ, ಅವರ ಜೊತೆ ಬಸ್ಸು ಹತ್ತಿದೆ.

ಕಾಪು ಬರುವಾಗ, "ಇಳಿಯುವ, ಉಸಿರು ಕಟ್ತದೆ" ಎಂದರು. ಬಸ್‌ಸ್ಟ್ಯಾಂಡಿನ ಪಕ್ಕದ ಅಂಗಡಿಯಲ್ಲಿ ಸೋಡ ಕುಡಿಸಿ ಬೆಂಚಿನ ಮೇಲೆ ಕೂರಿಸಿದೆ. ಪೆಟ್ಟಿಗೆ ನಮ್ಮಿಬ್ಬರ ನಡುವೆ. ಸೋಡದ ಬಾಟಲಿ ಕೆಳಗಿಟ್ಟು ಅವರು ಮಾತಾಡಿದರು.

"ಆ ಮನುಷ್ಯ ನಂಬಿಬಿಟ್ಟ, ನೋಡಿದೆಯಾ? ಟ್ಯಾಂಕಿನಲ್ಲೇ ಇದ್ದವನು ನಂಬಿದ. ಸೆಲ್ವಿ ನಂಬುವುದಿಲ್ವಾ?"

"ನಂಬಲಿ ಅಂತಲೇ ಮಾಡಿದ್ದಲ್ವಾ ಮಾರ್ರೆ?"

"ಬಾಗಿಲು ಬೇಕಿರಲಿಲ್ಲ ಶಾಲಿನಿ."

ನನಗೆ ಅರ್ಥವಾಗಲಿಲ್ಲ. ಅವರು ಪೆಟ್ಟಿಗೆಯ ಬಾಯಿ ಬಿಡಿಸಿ, ಟ್ಯಾಂಕಿನ ಮುಂಭಾಗದಲ್ಲಿದ್ದ ಡ್ರೈವರಿನ ಮುಚ್ಚಳದ ಮೇಲೆ ಬೆರಳಿಟ್ಟರು.

"ಡ್ರೈವರಿಗೆ ದಾರಿ ಉಂಟು. ಇದೇ ದಾರಿ. ಆದರೆ ನಳಿಕೆ ಇದರ ಮೇಲೆ ಅಡ್ಡ ನಿಂತರೆ ಮುಚ್ಚಳ ಏಳುವುದಿಲ್ಲ. ಅದಕ್ಕೆ ಟ್ರೈನಿಂಗಿನಲ್ಲಿ ದಿನಾ ಬೈದು ಬೈದು ಕಲಿಸಿದ್ದರು. ಗನ್ನರ್ ಇಳಿಯುವ ಮೊದಲು ನಳಿಕೆ ಸರಿಸಬೇಕು, ಡ್ರೈವರಿಗೆ ದಾರಿ ಬಿಡಬೇಕು. ಕರೆಂಟು ಹೋದರೆ ಕೈಯಲ್ಲಿ ತಿರುಗಿಸ್ಲಿಕ್ಕೆ ಒಂದು ಹಿಡಿ ಉಂಟು. ಹನ್ನೆರಡು ಸುತ್ತು ತಿರುಗಿಸಿದರೆ ಸಾಕಿತ್ತು."

ಅವರು ಬರಿಗೈಯಲ್ಲಿ ಗಾಳಿಯಲ್ಲಿ ಹಿಡಿ ತಿರುಗಿಸಿದರು. ಒಂದು ಸುತ್ತು, ಎರಡು ಸುತ್ತು. ಸೋಡದ ಅಂಗಡಿಯವನು ನೋಡುತ್ತಿದ್ದ.

"ಬೆಂಕಿ ಕಂಡಿತು. ನಾನು ಹಾರಿದೆ. ಒಂದು ಸುತ್ತು ಸಹ ತಿರುಗಿಸಲಿಲ್ಲ. ಕಿವಿಯಲ್ಲಿ ಅವನ ಸ್ವರ ಉಂಟು, ತಲೆಗೆ ಹಾಕುವ ಫೋನು ಇತ್ತಲ್ಲ. ಅದನ್ನು ಕಿತ್ತು ಬಿಸಾಡಿ ಹಾರಿದೆ." ಪೆಟ್ಟಿಗೆಯ ಬಾಯಿ ಮಡಚುತ್ತಾ ಹೇಳಿದರು, "ಗಿರಿಜನಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ಡ್ರೈವರಿಗೆ ಹೊರಗೆ ಬರ್ಲಿಕ್ಕೆ ದಾರಿ ಇರಲಿಲ್ಲ ಅಂತ ಅವನ ಹೆಂಡತಿಗೆ ಕಾಗದ ಬರೆದವನೂ ನಾನೇ. ಸಾಕಾಯ್ತು ಮಗಾ. ನಿಜವಾಗಿ ಸಾಕಾಯ್ತು."

ನೀವಾಗ ಇಪ್ಪತ್ತೆರಡರ ಹುಡುಗ ಎಂದೆ. ಅರುಮುಗಮ್ಮಿಗೆ ಇಪ್ಪತ್ತನಾಲ್ಕು ಎಂದರು. ಬೆಂಕಿಯಲ್ಲಿ ಯಾರಾದರೂ ಹಾರುತ್ತಾರೆ ಎಂದೆ. "ಹೌದು, ಎಲ್ಲರೂ ಹಾಗೇ ಹೇಳ್ತಾರೆ, ಬೇರೆಯವರ ವಿಷಯದಲ್ಲಿ" ಎಂದರು. ಎರ್ಮಾಳಿನ ಎರಡು ಬಸ್ಸು ಹೋದವು.

ಮುಂದಿನ ವಾರ ಟ್ಯಾಂಕು ಹೊತ್ತುಕೊಂಡು ಲ್ಯಾಬಿಗೆ ಬಂದರು. "ನೀನೇ ಕೊರೆದದ್ದು, ನೀನೇ ಮುಚ್ಚು" ಎಂದರು. ಏಳು ಆದಿತ್ಯವಾರದ ಕೆಲಸ! ಹೊಟ್ಟೆ ಉರಿಯಿತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಬಾಗಿಲು ಕಿತ್ತೆ, ಗುಲಾಬಿ ಪುಡಿ ತುಂಬಿದೆ, ತಿಕ್ಕಿದೆ, ಬಣ್ಣ ಕೊಟ್ಟೆ. ಅಲ್ಲಿ ಬಾಗಿಲಿತ್ತೆಂದು ಈಗ ನನಗೂ ಹುಡುಕಲು ಸಾಧ್ಯವಿರಲಿಲ್ಲ. ಟ್ಯಾಂಕು ಸೆಲ್ವಿ ಕಳಿಸಿದ್ದ ಹಳೆಯ ಫೋಟೋದಲ್ಲಿ ಇದ್ದ ಹಾಗೆಯೇ ಆಯಿತು. ಸಂಜೀವಣ್ಣ ಡ್ರೈವರಿನ ಮುಚ್ಚಳವನ್ನು ಪೂರ್ತಿ ತೆರೆದಿಟ್ಟರು. ನಳಿಕೆಯನ್ನು ಎರಡು ಬೆರಳಿನಲ್ಲಿ ಹಿಡಿದು ನಿಧಾನಕ್ಕೆ ಎಡಕ್ಕೆ ಸರಿಸಿದರು.

"ಇದೇ ಸುಳ್ಳು" ಎಂದರು. "ಇದೊಂದೇ."

ದಾರಿಯಲ್ಲಿ ಅಲುಗದಂತೆ ಅಂಟು ಹಾಕಲೇ ಎಂದು ಕೇಳಿದೆ. ಬೇಡವೆಂದರು. ಹಲ್ಲಿನ ಲ್ಯಾಬಿನ ಹತ್ತಿಯೆಲ್ಲ ಖಾಲಿಯಾಗುವಷ್ಟು ತುಂಬಿ ಉಡುಪಿಯಿಂದ ಬಸ್ಸಿನ ಪಾರ್ಸೆಲ್ ಹಾಕಿದೆವು.

ಸೆಲ್ವಿಯ ಫೋನು ಬರುವಾಗ ನಾನು ಅಲ್ಲಿರಬೇಕೆಂದು ಸಂಜೀವಣ್ಣ ಮೊದಲೇ ಕೇಳಿಕೊಂಡಿದ್ದರು. ಗಿರಿಜಕ್ಕ ಮಲ್ಪೆಯಲ್ಲಿ ತಂಗಿಯ ಮನೆಗೆ ಹೋಗಿದ್ದ ಆದಿತ್ಯವಾರ ಅದು. ಬೆಳಗಿನಿಂದ ಅಂಗಿ ಹಾಕಿಕೊಂಡು, ಹಲ್ಲಿನ ಸೆಟ್ಟು ಹಾಕಿಕೊಂಡು, ಮದುವೆಗೆ ಹೊರಟವರಂತೆ ಜಗಲಿಯಲ್ಲಿ ಕೂತಿದ್ದರು. ಹನ್ನೊಂದು ಗಂಟೆಗೆ ಫೋನು ಬಂತು. ಸ್ಪೀಕರಿಗೆ ಹಾಕಿದರು.

"ಅಂಕಲ್, ತುಂಬಾ ಚೆನ್ನಾಗಿದೆ" ಎಂದಳು ಸೆಲ್ವಿ. "ನಮ್ಮೆಜಮಾನ್ರು, ಮಕ್ಕಳು, ಎಲ್ರೂ ನೋಡಿದ್ರು. ಆದ್ರೆ ಒಂದು ಅರ್ಥ ಆಗ್ಲಿಲ್ಲ. ಇದ್ರಲ್ಲಿ ಏನೋ ಒಂದು ಬದಲು ಮಾಡ್ತೀನಿ ಅಂದಿದ್ರಲ್ಲ. ಫೋಟೋ ಪಕ್ಕ ಇಟ್ಕೊಂಡು ನೋಡ್ದೆ. ಬದಲೇ ಇಲ್ವಲ್ಲ?"

"ನಳಿಕೆ ನೋಡಮ್ಮ" ಎಂದರು ಸಂಜೀವಣ್ಣ.

ಎಲ್ಲ ಹೇಳಿದರು. ಕಾಪುವಿನ ಬೆಂಚಿನಲ್ಲಿ ಹೇಳಿದ್ದಕ್ಕಿಂತ ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ಕ್ಷಮಿಸು ಎಂದು ಕೇಳಲಿಲ್ಲ. ಫೋನು ಕಟ್ಟಾಯಿತೋ ಎಂದು ನಾನು ಬಗ್ಗಿ ನೋಡಿದೆ. ಆಗಿರಲಿಲ್ಲ.

"ಅಪ್ಪ ಏನಾದ್ರೂ ಅಂದ್ರಾ?"

"ನನ್ನ ಹೆಸರು ಕರೆದರು."

"ಎಷ್ಟು ಸಲ?"

ಸಂಜೀವಣ್ಣ ನನ್ನ ಮುಖ ನೋಡಿದರು. "ಎರಡು ಸಲ ಕೇಳಿದೆ" ಎಂದರು. "ಆಮೇಲಿನದ್ದು ನನಗೆ ಗೊತ್ತಿಲ್ಲ. ನಾನು ಫೋನು ಕಿತ್ತು ಹಾಕಿದ್ದೆ."

ಆಕೆ ಫೋನು ಇಟ್ಟಳು.

ಮತ್ತೆ ಕರೆ ಬರಲಿಲ್ಲ. ತಿಂಗಳು ಹೋಯಿತು, ಎರಡಾಯಿತು, ಐದಾಯಿತು. ಸೈನಿಕರ ಗುಂಪಿನಲ್ಲಿ ಹಬ್ಬದ ದಿನ ಆಕೆ ಹಾಕುತ್ತಿದ್ದ ದೀಪದ ಚಿತ್ರಗಳೂ ನಿಂತವು. ಸಂಜೀವಣ್ಣ ಬೇರೆ ಯಾವ ವಾಹನಕ್ಕೂ ಕೈ ಹಾಕಲಿಲ್ಲ. ನನಗೆ ಆಕೆಯ ಮೇಲೆ ಸಿಟ್ಟು. ಹೇಳದೆ ಇದ್ದಿದ್ದರೆ ನಡೆಯುತ್ತಿರಲಿಲ್ಲವೇ ಎಂದು ಇವರ ಮೇಲೂ ಸಿಟ್ಟು. ಆ ಬಾಗಿಲು ಹಾಗೆಯೇ ಇದ್ದಿದ್ದರೆ ಎಲ್ಲರಿಗೂ ನೆಮ್ಮದಿಯಿತ್ತಲ್ಲ! ಒಂದು ದಿನ ಬಾಯಿ ಬಿಟ್ಟು ಹೇಳಿಯೂಬಿಟ್ಟೆ.

"ಅವಳ ಸಿಟ್ಟು ಅವಳಿಗೆ ಬೇಕು ಮಗಾ" ಎಂದರು. "ಐವತ್ತು ವರ್ಷ ಕಬ್ಬಿಣದ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದಳು. ಅದಕ್ಕೆ ಪಾಪ, ಎಂತ ಗೊತ್ತು?"

ಕೊನೆಯ ಸಲ ಅವರು ಲ್ಯಾಬಿಗೆ ಬಂದದ್ದು ಸೆಟ್ಟು ಸಡಿಲವಾಯಿತೆಂದು. ಮೈ ಇಳಿದಿತ್ತು, ಅದಕ್ಕೇ ಸಡಿಲ. ಹಿಂದಿನ ಕೋಣೆ ನೋಡಲು ಹೋಗಲಿಲ್ಲ, ಬಂದವರೇ ಕೂತರು. ನಾನು ಒಳಭಾಗಕ್ಕೆ ಪುಡಿ ತುಂಬಿ ಸರಿಮಾಡಿ ಕೊಟ್ಟೆ. ಹಾಕಿಕೊಂಡು, ಕಟಕಟ ಹಲ್ಲು ತಾಗಿಸಿ ನೋಡಿ, "ಇದು ನನಗಿಂತ ಹೆಚ್ಚು ದಿನ ಬಾಳ್ತದೆ" ಎಂದರು. ಬಸ್ಸಿಗೆ ತಡವಾಗುತ್ತದೆಂದು ನಾನು ಅವರನ್ನು ಕೂರಿಸಿಕೊಂಡು ಮಾತಾಡಲಿಲ್ಲ. ಮೂರು ವಾರದಲ್ಲಿ, ಬೆಳಗಿನ ಚಹಾ ಕುಡಿಯುತ್ತಾ ಕುಡಿಯುತ್ತಾ, ಜಗಲಿಯಲ್ಲೇ ಹೋದರು. ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಕೊಡಲಿಲ್ಲ ಎಂದು ಗಿರಿಜಕ್ಕ ಎದೆ ಬಡಿದುಕೊಂಡು ಅತ್ತರು.

ನಾನು ಸೆಲ್ವಿಗೆ ಎರಡು ಸಾಲು ಬರೆದು ಕಳಿಸಿದೆ. ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ನಾಲ್ಕು ದಿನ ಫೋನು ತೆಗೆದು ತೆಗೆದು ನೋಡಿದೆ.

ಬೊಜ್ಜದ ದಿನ, ಅಂದರೆ ಅವರ ಉತ್ತರಕ್ರಿಯೆಯ ದಿನ, ಎರ್ಮಾಳಿನ ಅಂಗಳದಲ್ಲಿ ಶಾಮಿಯಾನ. ಮಧ್ಯಾಹ್ನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಒಂದು ಆಟೋ ಬಂದು ನಿಂತಿತು. ಕನಕಾಂಬರ ಬಣ್ಣದ ಸೀರೆಯ, ದಪ್ಪ ಕನ್ನಡಕದ, ಐವತ್ತು ದಾಟಿದ ಹೆಂಗಸೊಬ್ಬಳು ಇಳಿದು, ಯಾರನ್ನೂ ಕೇಳದೆ ನೇರ ಹೋಗಿ ಸಂಜೀವಣ್ಣನ ಫೋಟೋದ ಮುಂದೆ ನಿಂತಳು. ಕೈ ಮುಗಿಯಲಿಲ್ಲ. ನೋಡುತ್ತಾ ನಿಂತಳು. ಸ್ವರ ಕೇಳುವ ಮೊದಲೇ ನನಗೆ ಯಾರೆಂದು ತಿಳಿಯಿತು. ಇಷ್ಟು ಜನರ ಮುಂದೆ, ಗಿರಿಜಕ್ಕನ ಮುಂದೆ, ಇವಳು ಎಂತ ಹೇಳಿಬಿಡುತ್ತಾಳೋ ಎಂದು ಹೆದರಿದೆ.

ನಾನು ಎದ್ದು ಹೋಗುವಷ್ಟರಲ್ಲಿ ಗಿರಿಜಕ್ಕನ ತಮ್ಮ, "ನೀವು ಎಲ್ಲಿಂದ?" ಎಂದು ಕೇಳಿಯಾಗಿತ್ತು.

"ಕೋಲಾರದ ಕಡೆಯಿಂದ" ಎಂದಳು. "ನಮ್ಮಪ್ಪ ಇವರ ಟ್ಯಾಂಕಿನ ಡ್ರೈವರ್. ಯುದ್ಧದಲ್ಲಿ ಹೋದ್ರು."

ಜನ ಸುತ್ತ ಸೇರಿದರು. ಗಿರಿಜಕ್ಕ ಗೋಡೆ ಹಿಡಿದುಕೊಂಡು ಎದ್ದು ಬಂದರು. ಅಂಥ ಒಂದು ಸಂಗತಿಯೇ ಅವರಿಗೆ ಗೊತ್ತಿರಲಿಲ್ಲ. "ಇವರು ಯುದ್ಧದ ಮಾತೇ ಆಡಿದವರಲ್ಲ ಮಗಳೇ. ಎಂತ ಆಗಿತ್ತು? ನಿನಗೆ ಗೊತ್ತುಂಟಾ?" ಎಂದು ಕೇಳಿದರು.

ಸೆಲ್ವಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಹಾಕಿಕೊಂಡಳು.

"ಗೊತ್ತು ಅಮ್ಮ. ಅಂಕಲ್ಲೇ ಫೋನಲ್ಲಿ ಹೇಳಿದ್ರು. ಬೆಂಕಿ ಹತ್ಕೊಂಡಿತ್ತು. ಅಪ್ಪ ಹೊರಗೆ ಬರೋ ದಾರಿಗೆ ನಳಿಕೆ ಅಡ್ಡ ನಿಂತಿತ್ತು. ಬೇರೆಯವರೆಲ್ಲ ಹಾರಿಬಿಟ್ರು. ಇವರು ಮಾತ್ರ ಬೆಂಕಿಯೊಳಗೇ ಕೂತು ಕೈಯಲ್ಲಿ ತಿರುಗಿಸಿದ್ರು. ಎಷ್ಟು ತಿರುಗಿಸಿದ್ರೂ ಅದು ಸರಿಯಲಿಲ್ಲ. ಕೊನೆಗೆ ಯಾರೋ ಇವರನ್ನ ಎಳ್ಕೊಂಡು ಹೊರಗೆ ಹಾಕಿದ್ರು."

ಗಿರಿಜಕ್ಕ ಫೋಟೋದ ಕಡೆ ತಿರುಗಿ, "ನೋಡಿದಿರಾ! ನಲವತ್ತೆಂಟು ವರ್ಷ ನನ್ನ ಹತ್ತಿರ ಒಂದು ಮಾತು ಹೇಳಲಿಲ್ಲವಲ್ಲ ನೀವು" ಎಂದು ಗಂಡನನ್ನು ಬೈಯುತ್ತಾ ಅತ್ತರು. ಹದಿಮೂರು ದಿನದಲ್ಲಿ ಅವರು ಅತ್ತದ್ದು ಬೇರೆ, ಈ ಅಳು ಬೇರೆ. ಸುತ್ತ ನಿಂತ ಗಂಡಸರು ಹೌದು ಹೌದೆಂದು ತಲೆಯಾಡಿಸಿದರು. ಹೇಳಿಕೊಳ್ಳುವ ಜನ ಅಲ್ಲ ಅವರು ಎಂದರು.

ಗಿರಿಜಕ್ಕ ಮುಖ ಒರೆಸಿಕೊಂಡು ನನ್ನನ್ನು ಹುಡುಕಿದರು. "ಶಾಲಿನಿ, ನಿನ್ನ ಹತ್ತಿರ ಎಲ್ಲ ಮಾತಾಡ್ತಿದ್ದರಲ್ಲ. ನಿನಗೆ ಹೇಳಿದ್ದರಾ?"

ಸೆಲ್ವಿ ನನ್ನನ್ನೇ ನೋಡುತ್ತಿದ್ದಳು.

"ಹೇಳಿದ್ದರು ಅಕ್ಕ" ಎಂದೆ. "ಹೀಗೆಯೇ ಹೇಳಿದ್ದರು."